ಪದಚರ್ಚೆ: ‘ಪುಲ್‌ಅಪ್ ರೆಸಿಸ್ಟರ್’, ‘ಫ್ಲೋಟಿಂಗ್’ ಇವಕ್ಕೆ ಕನ್ನಡದಲ್ಲಿ ಏನನ್ನೋಣ?

ಎಲ್ಲರಿಗೂ ನಮಸ್ಕಾರ.

ಪುಣೆಯಲ್ಲಿ ನಮ್ಮ ಸೊಸೈಟಿಯ ಕನ್ನಡ ಮನೆಗಳ ಮಕ್ಕಳಿಗೆ ರವಿವಾರ ಎಲೆಕ್ಟ್ರಾನಿಕ್ಸ್ ಹೇಳಿಕೊಡುತ್ತೇನೆ. ಆರ್ಡುಯಿನೊ ಬೋರ್ಡಿಗೆ (ಪ್ರೋಗ್ರಾಂ ಬರೆದು ನಡೆಸುವ ಪುಟ್ಟ ಸರ್ಕ್ಯೂಟ್ ಬೋರ್ಡ್) ಜೋಡಿಸಿದ ತಾಪ ಸೆನ್ಸರ್ ಕೈಕೊಟ್ಟರೆ ಏನೇನು ನೋಡಬೇಕು ಅಂತ ಅವರಿಗೊಂದು ಕನ್ನಡ ಟಿಪ್ಪಣಿ ಬರೆಯುತ್ತಿದ್ದೇನೆ. ಎರಡು ಪದಗಳಿಗೆ ನಿಮ್ಮ ಸಲಹೆ ಬೇಕು.

ಸೆನ್ಸರ್ ಡಿಎಸ್18ಬಿ20, ಇಲ್ಲಿನ ಎಲೆಕ್ಟ್ರಾನಿಕ್ಸ್ ಪೇಟೆ ತಪಕೀರ ಗಲ್ಲಿಯಿಂದ ತಂದದ್ದು. ಮೂರು ಕಾಲು. ಕಾಲು ಕೆಳಗೆ ಮಾಡಿ ಚಪ್ಪಟೆ ಮುಖ ನಮ್ಮ ಕಡೆ ಹಿಡಿದರೆ ಎಡಗಡೆಯದು ಗ್ರೌಂಡ್, ನಡುವಿನದು ಡೇಟಾ, ಬಲಗಡೆಯದು ವಿದ್ಯುತ್ ಪೂರೈಕೆ. ಡೇಟಾ ಕಾಲಿಗೂ ಪೂರೈಕೆಗೂ ನಡುವೆ 4.7 ಕಿಲೋ ಓಮ್ ರೆಸಿಸ್ಟರ್ (ವಿದ್ಯುತ್ ಹರಿವಿಗೆ ತಡೆ ಒಡ್ಡುವ ಬಿಡಿಭಾಗ) ಇರಲೇಬೇಕು. ಹಳದಿ, ನೇರಳೆ, ಕೆಂಪು ಪಟ್ಟೆ ಇರುತ್ತಲ್ಲ, ಅದು. ಮಕ್ಕಳು ಬಿಡುವುದು ಅದನ್ನೇ. ಬಿಟ್ಟರೆ ಪರದೆಯ ಮೇಲೆ -127 ಅಂತ ಬರುತ್ತದೆ. ಈ ಸೆನ್ಸರ್ ಅಳೆಯುವುದೇ -55ರಿಂದ 125 ಡಿಗ್ರಿವರೆಗೆ. ಹಾಗಾಗಿ -127 ತಾಪ ಅಲ್ಲವೇ ಅಲ್ಲ, ‘ಸೆನ್ಸರ್ ಉತ್ತರ ಕೊಡಲಿಲ್ಲ’ ಅನ್ನುವ ಗುರುತು.

ಯಾಕೆ ಹೀಗೆ? ಸೆನ್ಸರ್‌ಗೆ ಡೇಟಾ ತಂತಿಯನ್ನು ಸೊನ್ನೆ ವೋಲ್ಟಿಗೆ ಇಳಿಸಲು ಮಾತ್ರ ಬರುತ್ತದೆ, ಏರಿಸಲು ಬರುವುದಿಲ್ಲ. ಏರಿಸುವ ಕೆಲಸ ಆ ರೆಸಿಸ್ಟರ್‌ದು, ಅದೇ ‘ಪುಲ್‌ಅಪ್’. ಅದಕ್ಕೇ ಮೊದಲು ‘ಆಸರೆ ರೆಸಿಸ್ಟರ್’ ಅನ್ನೋಣ ಅನ್ನಿಸಿತು. ಆದರೆ ತಂತಿಯನ್ನು ಸೊನ್ನೆಯ ಕಡೆ ಎಳೆಯುವ ‘ಪುಲ್‌ಡೌನ್’ ಕೂಡ ಇದೆ, ಅದೂ ಒಂದು ಆಸರೆಯೇ ಅಲ್ವಾ? ‘ಮೇಲೆಳೆ ರೋಧಕ’, ‘ಕೆಳಗೆಳೆ ರೋಧಕ’ ಅಂದರೆ ಜೋಡಿ ಸರಿಹೋಗುತ್ತದೆ. ಮರಾಠಿ ಶಾಲೆಯಲ್ಲಿ ‘ರೋಧ’ ಕಲಿತ ಮಕ್ಕಳಿಗೆ ‘ರೋಧಕ’ ಹೊಸದಾಗಿ ಕಾಣುವುದೂ ಇಲ್ಲ.

‘ಫ್ಲೋಟಿಂಗ್’ ಇನ್ನೂ ಕಷ್ಟ. ರೆಸಿಸ್ಟರ್ ಇಲ್ಲದಾಗ ತಂತಿಯ ವೋಲ್ಟೇಜ್ ಮೇಲೂ ಇಲ್ಲ, ಕೆಳಗೂ ಇಲ್ಲ, ಅದೇ ‘ಫ್ಲೋಟಿಂಗ್’. ‘ತೇಲುವ ತಂತಿ’ ಅಂದರೆ ಮಕ್ಕಳು ತಂತಿ ಕಿತ್ತುಬಂದಿದೆ ಅಂದುಕೊಳ್ಳುತ್ತಾರೆ. ಅದು ಬ್ರೆಡ್‌ಬೋರ್ಡಿನಲ್ಲಿ (ಬೆಸುಗೆ ಇಲ್ಲದೆ ತಂತಿ ಚುಚ್ಚುವ ತೂತುಗಳ ಹಲಗೆ) ಗಟ್ಟಿಯಾಗಿಯೇ ಕೂತಿರುತ್ತದೆ. ಒಮ್ಮೆ ಸರಿಯಾದ ತಾಪ, ಒಮ್ಮೆ -127, ತಂತಿ ಮುಟ್ಟಿದರೆ ಬದಲಾಗುತ್ತದೆ ಅಂದರೆ ಅದು ಲೂಸ್ ಕಾಂಟ್ಯಾಕ್ಟ್. ಅದಕ್ಕೆ ‘ಸಡಿಲ’ ಸಾಕು. ಫ್ಲೋಟಿಂಗ್‌ಗೆ ನನಗೆ ಹಿಡಿಸಿದ್ದು ‘ಅತಂತ್ರ’. ಯಾರಿಗೂ ಬಹುಮತ ಬರದಿದ್ದರೆ ‘ಅತಂತ್ರ ವಿಧಾನಸಭೆ’ ಅಂತ ಪತ್ರಿಕೆಗಳು ಬರೆಯುತ್ತವಲ್ಲ, ಅದೇ ಅರ್ಥದಲ್ಲಿ ‘ಅತಂತ್ರ ಪಿನ್’.

ರಿಪೇರಿ ಕೆಲಸದಲ್ಲಿರುವವರು, ಕನ್ನಡದಲ್ಲಿ ಪಾಠ ಮಾಡುವವರು ಇವೆರಡಕ್ಕೆ ಬಾಯಿಮಾತಿನಲ್ಲಿ ಏನಂತೀರಿ? ಬಳಕೆಯಲ್ಲಿರುವ ಪದ ಇದ್ದರೆ ನನ್ನದನ್ನು ಬಿಟ್ಟು ಅದನ್ನೇ ಹಾಕುತ್ತೇನೆ.