ಮ್ಯಾಟ್‌ಲ್ಯಾಬ್‌ನಲ್ಲಿ ಸಂಖ್ಯೆಗಳು 0.0000 ಅಂತ ಕಾಣ್ತಿವೆ, ಏನು ಮಾಡೋದು?

ಲೆಕ್ಕ ಮಾಡುವ ಸಾಫ್ಟ್‌ವೇರ್ ಮ್ಯಾಟ್‌ಲ್ಯಾಬ್ ಬಳಸಿ ಪ್ರಾಜೆಕ್ಟ್ ರಿಪೋರ್ಟ್ ಬರೀತಿದ್ದೇನೆ. ನನ್ನ ಮ್ಯಾಟ್ರಿಕ್ಸ್‌ನಲ್ಲಿ 1, 2500.5, 0.003, 40 ಇವೆ. ತೆರೆ ಮೇಲೆ ಮಾತ್ರ 1.0e+03 ಅಂತ ಬಂದು, ಅದರ ಕೆಳಗೆ 0.0010, 2.5005, 0.0000, 0.0400 ಅಂತ ಕಾಣುತ್ತಿದೆ. ನನ್ನ 0.003 ಎಲ್ಲಿ ಹೋಯ್ತು? ರಿಪೋರ್ಟ್‌ಗೆ ಎರಡು ದಶಮಾಂಶದ ಟೇಬಲ್ ಬೇಕು. ಯಾರಾದರೂ ಹೀಗೆ ಒದ್ದಾಡಿದ್ದರೆ ಹೇಳಿ.

* * *

ಎಲ್ಲೂ ಹೋಗಿಲ್ಲ, ಒಳಗೆ ಹಾಗೇ ಇದೆ. ಮೊದಲಿಂದ ಇರೋದು 'ಫಾರ್ಮ್ಯಾಟ್ ಶಾರ್ಟ್', ಅಂದರೆ ಚುಕ್ಕಿಯ ನಂತರ 4 ಅಂಕಿ. ಮ್ಯಾಟ್ರಿಕ್ಸ್‌ನಲ್ಲಿ ತೀರಾ ದೊಡ್ಡದು, ತೀರಾ ಚಿಕ್ಕದು ಒಟ್ಟಿಗೆ ಬಂದರೆ ಎಲ್ಲಕ್ಕೂ ಸೇರಿಸಿ 1000ವನ್ನು (ಆ 1.0e+03 ಅಂದರೆ ಅದೇ) ಹೊರಗೆ ತೆಗೆದು ತೋರಿಸುತ್ತದೆ. 'ಫಾರ್ಮ್ಯಾಟ್ ಶಾರ್ಟ್ ಜಿ' ಕೊಡಿ, ಪ್ರತಿ ಸಂಖ್ಯೆಯೂ ತನ್ನ ಪಾಡಿಗೆ ಬರುತ್ತದೆ. ಇನ್ನೊಂದು ಗುಟ್ಟು: ನಿಜವಾದ ಸೊನ್ನೆ ಇದ್ದರೆ ಅದು ಬರೀ 0 ಅಂತ ಬರುತ್ತದೆ. 0.0000 ಕಂಡರೆ ಅಲ್ಲಿ ಏನೋ ಇದೆ ಅಂತಲೇ ಅರ್ಥ.

* * *

ಮೇಲಿನವರು ಹೇಳಿದ್ದು ಸರಿ. ಆದರೆ ತೆರೆಯಿಂದ ಕಾಪಿ ಮಾಡಿ ಮುಂದಿನ ಲೆಕ್ಕಕ್ಕೆ ಹಾಕಬೇಡಿ ಮಾರಾಯರೇ. ನಮ್ಮ ಲ್ಯಾಬ್‌ನಲ್ಲಿ ವಿದ್ಯಾರ್ಥಿಗಳು ಪ್ರತಿ ವರ್ಷ ಇದನ್ನೇ ಮಾಡುತ್ತಾರೆ. 1/3 ಅನ್ನು 0.3333 ಅಂತ ಎತ್ತಿಕೊಂಡು 3ರಿಂದ ಗುಣಿಸಿ, 0.9999 ಯಾಕೆ ಬಂತು ಅಂತ ಕೇಳುತ್ತಾರೆ! ಫಾರ್ಮ್ಯಾಟ್ ಬದಲಿಸಿದರೆ ಕಾಣೋದು ಮಾತ್ರ ಬದಲಾಗುತ್ತದೆ, 'ರೌಂಡ್' ಮಾಡಿದರೆ ಬೆಲೆಯೇ ಬದಲಾಗುತ್ತದೆ. ಹಾಗಾಗಿ ಚಂದ ಕಾಣಲಿ ಅಂತ ಮಧ್ಯದಲ್ಲಿ ರೌಂಡ್ ಮಾಡಲೇಬೇಡಿ.

* * *

'ಫಾರ್ಮ್ಯಾಟ್ ರ‍್ಯಾಟ್' ಕಡೆ ಹೋಗಬೇಡಿ, ಅದು ಸಂಖ್ಯೆಯನ್ನು ಭಿನ್ನರಾಶಿಯಾಗಿ ತೋರಿಸುತ್ತದೆ, ನೋಡೋಕೆ ಪಕ್ಕಾ ಉತ್ತರದ ಹಾಗೇ ಇರುತ್ತದೆ, ಪೈ ಕೇಳಿದರೆ 355/113 ಅಂತ ಕೊಡುತ್ತದೆ. ಅದು ಅಂದಾಜು ಅಷ್ಟೇ.

* * *

ನಾನು ಆಕ್ಟೇವ್ (ಮ್ಯಾಟ್‌ಲ್ಯಾಬ್ ತರಹದ್ದೇ ಉಚಿತ ಸಾಫ್ಟ್‌ವೇರ್) ಮತ್ತು ಪೈಥಾನ್ ಬಳಸೋದು. ಆಕ್ಟೇವ್‌ನಲ್ಲಿ 'ಔಟ್‌ಪುಟ್ ಪ್ರಿಸಿಷನ್'ಗೆ ಎಷ್ಟು ಅಂಕಿ ಬೇಕೋ ಕೊಟ್ಟರೆ ಆಯ್ತು. ಪೈಥಾನ್‌ನ ಲೆಕ್ಕದ ಲೈಬ್ರರಿ ನಂಪೈನಲ್ಲಿ 'ಸೆಟ್ ಪ್ರಿಂಟ್ ಆಪ್ಷನ್ಸ್' ಅಂತಿದೆ, ಅದರಲ್ಲಿ 'ಸಪ್ರೆಸ್' ಆನ್ ಮಾಡಿದರೆ ಆ ಇ-ಮೈನಸ್ (1e-05 ತರಹದ ಬರಹ) ಕಾಟ ತಪ್ಪುತ್ತದೆ. ಆದರೆ ತೀರಾ ಚಿಕ್ಕ ಸಂಖ್ಯೆ ಅಲ್ಲಿ ಸೊನ್ನೆಯಾಗೇ ಕಾಣುತ್ತದೆ. ದೋಷ ಹುಡುಕುವಾಗ ನಾನಂತೂ ಅದನ್ನು ಆಫ್ ಮಾಡಿಡುತ್ತೇನೆ.

* * *

ರಿಪೋರ್ಟ್ ಟೇಬಲ್‌ಗೆ ಫಾರ್ಮ್ಯಾಟ್ ಸಹವಾಸವೇ ಬೇಡ, 'ಎಫ್‌ಪ್ರಿಂಟ್‌ಎಫ್' ಬಳಸಿ, ಎಷ್ಟು ದಶಮಾಂಶ ಅಂತ ಅಲ್ಲೇ ಹೇಳಬಹುದು. ನಿಮ್ಮ 0.003 ಎರಡೇ ದಶಮಾಂಶದಲ್ಲಿ 0.00 ಆಗುತ್ತದೆ ಅನ್ನೋದು ನೆನಪಿರಲಿ, ಆ ಕಾಲಮ್‌ಗೆ ಮೂರು ಕೊಡಿ, ನಿಮ್ಮ ಗೈಡ್ ಮೂರು ಬೇಡ ಅಂದರೆ ಆಮೇಲೆ ನೋಡಿಕೊಳ್ಳಿ.

* * *

ಥ್ಯಾಂಕ್ಸ್ ಎಲ್ಲರಿಗೂ. ಶಾರ್ಟ್ ಜಿ ಕೆಲಸ ಮಾಡ್ತು. ಆದರೆ ಎಫ್‌ಪ್ರಿಂಟ್‌ಎಫ್‌ನಲ್ಲಿ ಸಾಲುಗಳೆಲ್ಲ ಅದಲುಬದಲಾಗಿ ಬರ್ತಿವೆ?

* * *

ಅದು ಮ್ಯಾಟ್ರಿಕ್ಸನ್ನು ಕಾಲಮ್ ಕಾಲಮ್ ಆಗಿ ಓದುತ್ತದೆ, ಅದಕ್ಕೇ. ಮ್ಯಾಟ್ರಿಕ್ಸ್ ಹೆಸರಾದ ಮೇಲೆ ಒಂದು ಸಿಂಗಲ್ ಕೋಟ್ ಹಾಕಿ, ಸಾಲು-ಕಾಲಮ್ ಅದಲುಬದಲು ಮಾಡಿ, ಅಂದರೆ ಟ್ರಾನ್ಸ್‌ಪೋಸ್ ಮಾಡಿ ಕೊಡಿ, ಸರಿಹೋಗುತ್ತದೆ. ಮತ್ತೆ, ಮ್ಯಾಟ್‌ಲ್ಯಾಬ್ ಮುಚ್ಚಿ ತೆರೆದರೆ ಶಾರ್ಟ್ ಜಿ ಹೋಗಿರುತ್ತದೆ. ಬೇಕಿದ್ದರೆ ಸ್ಟಾರ್ಟಪ್ ಫೈಲ್‌ನಲ್ಲಿ ಆ ಒಂದು ಸಾಲು ಬರೆದಿಡಿ.