ಸ್ಪೀಕರಿಗೆ ದುಬಾರಿ ವೈರು ಹಾಕಿಸಬೇಕೇ, ಕ್ರಾಸ್‌ಓವರ್ ಸರಿಪಡಿಸಬೇಕೇ?

ಪ್ರಶ್ನೆ: ನಮಸ್ಕಾರ ಸರ್. ಆರೂವರೆ ಇಂಚಿನ ವೂಫರ್ (ತಗ್ಗು ಸ್ವರದ ಸ್ಪೀಕರ್) ಹಾಗೂ ಒಂದು ಟ್ವೀಟರ್ (ಎತ್ತರದ ಸ್ವರದ ಪುಟ್ಟ ಸ್ಪೀಕರ್) ಇರುವ ಎರಡು ಪೆಟ್ಟಿಗೆಗಳನ್ನು ಮಾಡಿಸಿದ್ದೇನೆ. ಎಲ್ಲವೂ 8 ಓಮ್. ಆಂಪ್ಲಿಫೈಯರಿನಿಂದ 12 ಮೀಟರ್ ದೂರಕ್ಕೆ 0.5 ಚದರ ಮಿ.ಮೀ. ವೈರು ಎಳೆದಿದೆ. ಟ್ವೀಟರಿಗೆ 10 ಮೈಕ್ರೋಫ್ಯಾರಡ್‌ನ ಒಂದು ಕೆಪಾಸಿಟರ್ ಇದೆ, ವೂಫರಿಗೆ ಏನೂ ಇಲ್ಲ. ಹಾಡುವವರ ‘ಸ’ಕಾರ ಕಿವಿಗೆ ಚುಚ್ಚುತ್ತದೆ, ಮೃದಂಗದ ಎಡಗಡೆಯ ನಾದವಂತೂ ಕೇಳಿಸುವುದೇ ಇಲ್ಲ. ಅಂಗಡಿಯವರು ಆಕ್ಸಿಜನ್-ಫ್ರೀ (ಆಮ್ಲಜನಕ ಬಹುತೇಕ ತೆಗೆದ ದುಬಾರಿ ತಾಮ್ರದ) ವೈರು ಹಾಕಿಸಿದರೆ ಸರಿಹೋಗುತ್ತದೆ ಎನ್ನುತ್ತಾರೆ. ಹಾಕಿಸಲೇ?

ಉತ್ತರ: ನಮಸ್ಕಾರ. ಈಗಲೇ ಹಣ ಕೊಡಬೇಡಿ. ಹೋಗಿಬರುವ 24 ಮೀಟರ್ ತಾಮ್ರದಲ್ಲಿ ನಿಮಗೆ ಸುಮಾರು 0.8 ಓಮ್ ರೋಧ ಬರುತ್ತಿದೆ. ಅದು ಹೆಚ್ಚೇ, ಆದರೆ ಮನೆ ವೈರಿಂಗಿಗೆ ಬಳಸುವ ಸಾಮಾನ್ಯ 2.5 ಚದರ ಮಿ.ಮೀ. ತಾಮ್ರದ ವೈರು ಹಾಕಿದರೂ ಅದು 0.17 ಓಮ್‌ಗೆ ಇಳಿಯುತ್ತದೆ. ಮೃದಂಗದ ನಾದ ಪೂರ್ತಿ ಮಾಯವಾಗುವುದು ಇಷ್ಟರಿಂದಲ್ಲ. ಒಂದು ಪೆಟ್ಟಿಗೆಯ ಪ್ಲಸ್-ಮೈನಸ್ ಅದಲುಬದಲಾಗಿ, ಒಂದರ ತಗ್ಗು ನಾದವನ್ನು ಇನ್ನೊಂದು ಅಳಿಸುತ್ತಿದೆ ಎಂಬುದು ನನ್ನ ಅನುಮಾನ. ಆಂಪ್ಲಿಫೈಯರಿನ ಕಡೆಯ ತುದಿಗಳನ್ನು ಬಿಚ್ಚಿ, ಪ್ಲಸ್‌ಗೆ ಹೋಗುವ ತುದಿಗೆ 1.5 ವೋಲ್ಟ್ ಸೆಲ್ಲಿನ ಪ್ಲಸ್ ಬರುವಂತೆ ಕ್ಷಣಕಾಲ ಮುಟ್ಟಿಸಿ ನೋಡಿ; ಎರಡೂ ವೂಫರ್‌ಗಳ ಕೋನ್ ಮುಂದಕ್ಕೆ ಚಿಮ್ಮಬೇಕು.

ಪ್ರಶ್ನೆ: ನೋಡಿದೆ ಸರ್. ಎಡ ಪೆಟ್ಟಿಗೆಯ ಕೋನ್ ಒಳಕ್ಕೆ ಹೋಯಿತು. ವೈರು ತಿರುಗಿಸಿದ ಕೂಡಲೇ ಮೃದಂಗ ತುಂಬಿ ಬಂತು, ಹಾಡುವವರ ದನಿಯೂ ನಡುವಿನಿಂದ ಕೇಳಿಸಿತು. ‘ಸ’ಕಾರ ಮಾತ್ರ ಹಾಗೆಯೇ ಇದೆ.

ಉತ್ತರ: ಅದಕ್ಕೆ ಕಾರಣ ಆ ಕೆಪಾಸಿಟರ್. 8 ಓಮ್‌ಗೆ 10 ಮೈಕ್ರೋಫ್ಯಾರಡ್ ಎಂದರೆ ವಿಭಜನೆ (ಕ್ರಾಸ್‌ಓವರ್, ಅಂದರೆ ತಗ್ಗು ಸ್ವರ ವೂಫರಿಗೆ, ಎತ್ತರದ ಸ್ವರ ಟ್ವೀಟರಿಗೆ ಹಂಚುವ ಗಡಿ) ಸುಮಾರು 2000 ಹರ್ಟ್ಸ್‌ಗೆ ಬಂತು, ಅಲ್ಲಿಂದ ಕೆಳಕ್ಕೆ ಆಕ್ಟೇವಿಗೆ (ಆವರ್ತನ ಅರ್ಧವಾದಂತೆಲ್ಲ) 6 ಡೆಸಿಬೆಲ್ ಮಾತ್ರ ಇಳಿಯುತ್ತದೆ. ಹೀಗಾಗಿ ಪುಟ್ಟ ಟ್ವೀಟರ್ ತನ್ನದಲ್ಲದ ಹೊರೆ ಹೊರುತ್ತಿದೆ, ಮೇಲ್ಗಡೆ ತಡೆಯಿಲ್ಲದ ವೂಫರ್ ಅದೇ ಸ್ವರಗಳನ್ನು ಮತ್ತೆ ನುಡಿಸುತ್ತಿದೆ. ವಿಭಜನೆಯನ್ನು 3000 ಹರ್ಟ್ಸ್‌ಗೆ ಏರಿಸಿ, ಆಕ್ಟೇವಿಗೆ 12 ಡೆಸಿಬೆಲ್ ಇಳಿಜಾರು ಕೊಡಿ. ಟ್ವೀಟರಿಗೆ 3.3 ಮೈಕ್ರೋಫ್ಯಾರಡ್ ಫಿಲ್ಮ್ ಕೆಪಾಸಿಟರ್ ಸರಣಿಯಲ್ಲಿ, 0.82 ಮಿಲಿಹೆನ್ರಿ ಕಾಯಿಲ್ ಸಮಾಂತರವಾಗಿ; ವೂಫರಿಗೆ ಇದೇ ಅಳತೆಗಳು, ಕಾಯಿಲ್ ಸರಣಿಯಲ್ಲಿ, ಕೆಪಾಸಿಟರ್ ಸಮಾಂತರವಾಗಿ. ಕಾಯಿಲ್‌ಗಳನ್ನು ದೂರದೂರ, ಒಂದಕ್ಕೊಂದು ಲಂಬವಾಗಿ ಇಡಿ. ಸ್ಪೀಕರಿನ ರೋಧ ಎಲ್ಲ ಆವರ್ತನದಲ್ಲಿ ನಿಜವಾಗಿ 8 ಓಮ್ ಇರುವುದಿಲ್ಲವಾದ್ದರಿಂದ ಇವು ಆರಂಭದ ಅಳತೆಗಳು ಎಂದು ತಿಳಿಯಿರಿ.

ಇಷ್ಟಾದ ಮೇಲೂ ಚುಚ್ಚಿದರೆ, ಟ್ವೀಟರಿನ ಮುಂದೆ 2.2 ಓಮ್ ಸರಣಿಯಲ್ಲಿ, 20 ಓಮ್ ಸಮಾಂತರವಾಗಿ, 10 ವ್ಯಾಟಿನ ರೋಧಕಗಳನ್ನು ಹಾಕಿ; ಸುಮಾರು 3 ಡೆಸಿಬೆಲ್ ತಗ್ಗುತ್ತದೆ. ಮರೆಯುವ ಸಂಗತಿ ಇನ್ನೊಂದಿದೆ: ಈ ಇಳಿಜಾರಿನಲ್ಲಿ ವಿಭಜನೆಯ ಬಳಿ ಟ್ವೀಟರ್ ಮುಂದಕ್ಕೆ ಚಿಮ್ಮುವಾಗ ವೂಫರ್ ಹಿಂದಕ್ಕೆ ಸರಿಯುವುದರಿಂದ, ಎರಡೂ ಪೆಟ್ಟಿಗೆಗಳಲ್ಲಿ ಟ್ವೀಟರಿನ ಪ್ಲಸ್-ಮೈನಸ್ಸನ್ನು ತಿರುಗಿಸಿಯೇ ಜೋಡಿಸಬೇಕು.