34 ಬಗೆಯ ಬಿಯರ್, ಒಂದು ಹಂಡೆ

ಭಾನುವಾರ ಬೆಳಗ್ಗೆ ರಾಜಾಜಿನಗರದ ಚಿಕ್ಕಪ್ಪ ಫ್ಯಾಮಿಲಿ ಗ್ರೂಪಿಗೆ ಒಂದು ಫಾರ್ವರ್ಡ್ ಹಾಕಿದರು. ‘ಅಮೆರಿಕದಲ್ಲಿ ಮನೆಯಲ್ಲೇ ಬಿಯರ್ ಮಾಡುವ ಸ್ಪರ್ಧೆ! 34 ಬಗೆ ಮಾಡಲು ಬಂದವರಿಗೆ ಮಾತ್ರ ಪ್ರವೇಶ! ನಮ್ಮ ಮಕ್ಕಳು ಎತ್ತ ಸಾಗುತ್ತಿದ್ದಾರೆ?’

ಎರಡೇ ನಿಮಿಷಕ್ಕೆ ದೊಡ್ಡಪ್ಪ ಹಾಜರ್. ‘ನಮ್ಮ ಕಾಲದಲ್ಲಿ ಮನೆಯಲ್ಲಿ ಉಪ್ಪಿನಕಾಯಿ ಹಾಕುತ್ತಿದ್ದರು. ಈಗ ಇದು. ಸಂಸ್ಕಾರ ಅನ್ನುವುದು...’ ‘ರೀಡ್ ಮೋರ್’ ಒತ್ತಿ ಮುಂದಿನದನ್ನು ಯಾರೂ ಓದಿರಲಿಕ್ಕಿಲ್ಲ. ನಾನಂತೂ ಓದಲಿಲ್ಲ.

ಚಿಕ್ಕಪ್ಪನ ಮಗಳು ಸುಮ್ನಿರುವವಳಲ್ಲ.

‘ಅಪ್ಪಾ, ಲಿಂಕ್ ಹಾಕಿ. 34 ಅಂತ ಯಾರು ಹೇಳಿದ್ದು?’

‘ವಾಕಿಂಗ್ ಫ್ರೆಂಡ್ ಕಳಿಸಿದ್ದು. ಅವನು ಸುಳ್ಳು ಹೇಳಲ್ಲ.’

‘ಬೆಂಡೆಕಾಯಿ ನೆನೆಸಿದ ನೀರು ಕುಡಿದರೆ ಶುಗರ್ ಮಾತ್ರೆ ಬೇಡ ಅಂದಿದ್ದೂ ಅವರೇ ಅಲ್ವಾ?’

ಅಷ್ಟರಲ್ಲಿ ಅಮೆರಿಕದ ಪೋರ್ಟ್‌ಲ್ಯಾಂಡಿನಿಂದ ದೊಡ್ಡಪ್ಪನ ಮಗ ಬಂದ. ‘34 ಅನ್ನುವುದು ಬಿಜೆಸಿಪಿ ಅನ್ನುವ ಬಿಯರ್ ತೀರ್ಪುಗಾರರ ಸಂಸ್ಥೆಯ 2021ರ ಕೈಪಿಡಿಯಲ್ಲಿರುವ ವಿಭಾಗಗಳು. ಎಲ್ಲಾ ಮಾಡಬೇಕಂತೇನಿಲ್ಲ, ಒಂದು ಕಳಿಸಿದರೂ ಸಾಕು. ಯಾವ ಬಗೆ ಅಂತ ಬರೆದಿರುತ್ತೀವೋ ಅದಕ್ಕೆ ತಕ್ಕ ಹಾಗಿದೆಯಾ ನೋಡಿ 50ಕ್ಕೆ ಅಂಕ. ರುಚಿಗೆ 20, ವಾಸನೆಗೆ 12, ನೋಟಕ್ಕೆ ಬರೀ 3. ಜರ್ಮನಿಯ ಗೋಧಿ ಬಿಯರಿನಲ್ಲಿ ಬಾಳೆಹಣ್ಣು, ಲವಂಗದ ಘಮ ಬಂದರೆ ಭೇಷ್. ಅದೇ ಘಮ ತಿಳಿ ಹೊಂಬಣ್ಣದ ಪಿಲ್ಸ್‌ನಲ್ಲಿ ಬಂದರೆ ಅಂಕ ಕಟ್. ಕಡುಗಪ್ಪು ಸ್ಟೌಟ್ ಆದರೆ ಹುರಿದ ಬಾರ್ಲಿ ಸಣ್ಣಪುಟ್ಟ ತಪ್ಪು ಮುಚ್ಚುತ್ತೆ. ಪಿಲ್ಸ್ 10 ಡಿಗ್ರಿ ಆಸುಪಾಸಿನ ತಂಪಲ್ಲಿ ನಿಧಾನವಾಗಿ ಹುದುಗಬೇಕು, ಏನು ಎಡವಟ್ಟಾದರೂ ಗೊತ್ತಾಗಿಬಿಡುತ್ತೆ. ನನ್ನದರಲ್ಲಿ ಬೆಣ್ಣೆ ವಾಸನೆ ಅಂತ ಕಟ್ ಮಾಡಿದರು. ನಾಲ್ಕು ಬಗೆ ಕೈಗೆ ಪಳಗಿದರೆ ಧಾರಾಳವಾಯ್ತು.’

ಇಡೀ ದಿನದಲ್ಲಿ ಓದಬೇಕಾದ ಮೆಸೇಜು ಇದೊಂದೇ. ಜನ ಹಿಡಿದಿದ್ದು ಬೆಣ್ಣೆಯನ್ನು.

‘ನನ್ನದರಲ್ಲಿ ಅಂದರೆ? ನೀನೂ ಮಾಡ್ತೀಯಾ?’ ಅಂದರು ಚಿಕ್ಕಪ್ಪ. ಗೊತ್ತಿಲ್ಲದೆ ಕೇಳಿದ್ದಲ್ಲ, ಫಾರ್ವರ್ಡ್ ಹಾಕಿದ್ದೇ ಅದಕ್ಕೆ. ದೊಡ್ಡಪ್ಪನ ಹೆಸರಿನ ಕೆಳಗೆ ‘ಟೈಪಿಂಗ್’ ಬಂತು, ಹೋಯಿತು, ಮತ್ತೆ ಬಂತು.

ನಡುವೆ ಬಸವನಗುಡಿ ಭಾವ: ‘ಈಗ ಯುಬಿ ಸಿಟಿ ಇರುವ ಕಡೆ ಮೊದಲು ಬ್ರೂವರಿ ಇತ್ತು. ಸೈಕಲ್ಲಿನಲ್ಲಿ ಹೋಗ್ತಿದ್ದರೆ ಮಾಲ್ಟ್ ವಾಸನೆ... ಆ ಬೆಂಗಳೂರೇ ಬೇರೆ ಬಿಡಿ.’

ತಂಗಿ ಬಿಡಲಿಲ್ಲ. ‘ಇಲ್ಲಿ ಯಾರೂ ಟ್ರೈ ಮಾಡಬೇಡಿ. ಕರ್ನಾಟಕ ಅಬಕಾರಿ ಕಾಯ್ದೆ, 1965. ಲೈಸೆನ್ಸ್ ಇಲ್ಲದೆ ಮಾಡುವ ಹಾಗಿಲ್ಲ.’

ಚಿಕ್ಕಪ್ಪನ ಕಿವಿಗೆ ಅದು ಬೀಳಲೇ ಇಲ್ಲ. ‘ಓಹೋ, ಹೋದ ಸಲ ಬಂದಾಗ ಅಮ್ಮನ ತಾಮ್ರದ ಹಂಡೆ ಕೇಳಿದ್ದು ಇದಕ್ಕೇನಾ?’

ದೊಡ್ಡಪ್ಪ ಕೊನೆಗೂ ಟೈಪ್ ಮುಗಿಸಿದರು. ‘ಹಂಡೆ ವಿಷಯ ನೀನು ಎತ್ತಬೇಡ. ಪಾಲಾದ ದಿನ ಅದು ಯಾರ ಕಾರಿನಲ್ಲಿ ಹೋಯಿತು ಅಂತ ಎಲ್ಲರಿಗೂ ಗೊತ್ತು.’

‘ನನ್ನ ಕಾರಲ್ಲಿ ಹೋಗಿದ್ದು ಕೊಳಗ. ಹಂಡೆ ಅಲ್ಲ.’

‘ಕೊಳಗವಾದರೂ ಯಾಕೆ ಹೋಗಬೇಕಿತ್ತು?’

ಊಟದ ಹೊತ್ತಿನವರೆಗೂ ಇದೇ. ಮಗ ಬಿಯರ್ ಮಾಡುವುದನ್ನು ದೊಡ್ಡಪ್ಪ ಮರೆತೇಬಿಟ್ಟರು, ಅಥವಾ ಮರೆಯುವುದಕ್ಕೆ ಹಂಡೆ ಒಳ್ಳೆ ನೆಪವಾಯಿತು.

ಎರಡು ಗಂಟೆಗೆ ಮೈಸೂರಿನ ಅತ್ತೆ ಫೋಟೋ ಹಾಕಿದರು. ಬಾಲ್ಕನಿಯಲ್ಲಿ ಹಂಡೆ, ಹುಣಸೆಹಣ್ಣು ಹಾಕಿ ತಿಕ್ಕಿದ ಹೊಳಪು, ಒಳಗೆ ಮನಿಪ್ಲಾಂಟು. ‘ನನ್ನ ಹತ್ತಿರ ಇದೆ. ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.’

ಯಾರೂ ಉಸಿರೆತ್ತಲಿಲ್ಲ. ಆಮೇಲೆ ಪೋರ್ಟ್‌ಲ್ಯಾಂಡಿನಿಂದ: ‘ಅತ್ತೆ, ಇದು 25 ಲೀಟರ್ ಹಿಡಿಯುತ್ತಾ?’